ಸ್ಯಾಂಕಿ: ಒಂದು ಹೆಸರು, ಹಲವು ಅರ್ಥ

ಚನ್ನಗಿರಿ ತಾಲ್ಲೂಕಿನ ದೊಡ್ಡ ಕೆರೆಗೆ ಎರಡು ಹೆಸರುಗಳುಂಟು. ಕಾಗದಪತ್ರಗಳಲ್ಲಿ ಅದು ಶಾಂತಿಸಾಗರ. ಜನರ ಬಾಯಲ್ಲಿ ಸೂಳೆಕೆರೆ. ಎರಡು ಗುಡ್ಡಗಳ ನಡುವೆ ಹರಿದ್ರಾ ಹೊಳೆಗೆ ಏರಿ ಕಟ್ಟಿ ನಿಲ್ಲಿಸಿದ ಈ ಜಲರಾಶಿಯ ಸುತ್ತಳತೆ ಸುಮಾರು 30 ಕಿಲೋಮೀಟರು. ಇದನ್ನು ಕಟ್ಟಿಸಲು ಮುಂದಾದವಳು ಶಾಂತವ್ವನೆಂಬ ರಾಜಕುಮಾರಿ. ಕೆರೆಗೆ ಬೇಕಾದ ನೆಲ ಗಣಿಕೆಯರದಾಗಿತ್ತು. ಕೆರೆಯನ್ನು ತಮ್ಮ ಹೆಸರಿನಿಂದಲೇ ಕರೆಯಬೇಕೆಂಬ ಕರಾರಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರೆಂದು ಐತಿಹ್ಯವಿದೆ. ಕಾಲ ಸರಿದಂತೆ ಆ ಶಬ್ದ ಬೈಗುಳವಾಯಿತು; ಅದನ್ನು ಉಚ್ಚರಿಸಲು ಸಂಕೋಚಪಡುವವರು ಉಂಟು. ಆದರೆ ಕಥೆಯಲ್ಲಿನ ಆ ಸ್ತ್ರೀಯರಿಗೆ ತಮ್ಮ ಹೆಸರಿನ ಬಗೆಗೆ ಸಂಕೋಚವಿರಲಿಲ್ಲ. ಹೆಸರು ಅದೇ ಆಗಿದ್ದರೂ ಅರ್ಥ ಬೇರೆ ದಾರಿ ಹಿಡಿಯುವುದು ಭಾಷೆಯ ಸ್ವಭಾವ.

ಬೆಂಗಳೂರಿನ ಕೆರೆಯೊಂದರ ಹೆಸರು ಈ ಮಾತಿಗೆ ಇನ್ನೊಂದು ನಿದರ್ಶನ. ಸ್ಯಾಂಕಿ ಕೆರೆಯ ಸುತ್ತ ತಿರುಗಾಡುವವರಲ್ಲಿ ಸ್ಯಾಂಕಿ ಎಂದರೆ ಯಾರೆಂದು ಯೋಚಿಸುವವರು ವಿರಳ. ರಿಚರ್ಡ್ ಹೈರಾಮ್ ಸ್ಯಾಂಕಿ ಎಂಬಾತ ಐರ್ಲೆಂಡಿನಲ್ಲಿ 1829ರಲ್ಲಿ ಹುಟ್ಟಿದವನು. 1864ರಲ್ಲಿ ಮೈಸೂರು ಸೀಮೆಯ ಮುಖ್ಯ ಇಂಜಿನಿಯರನಾದನು. ಈ ಸೀಮೆಯ ಶೇಕಡಾ 60ರಷ್ಟು ಪ್ರದೇಶವನ್ನು ಜನರು ತಮ್ಮ ಸಹನೆ ಮತ್ತು ದುಡಿಮೆಯಿಂದ ಕೆರೆಗಳ ವ್ಯವಸ್ಥೆಗೆ ಒಳಪಡಿಸಿದ್ದಾರೆಂದೂ, ಇಲ್ಲಿ ಹೊಸ ಕೆರೆಗೆ ತಕ್ಕ ಜಾಗ ಹುಡುಕುವುದೇ ಕಷ್ಟವೆಂದೂ ಅವನು ಬರೆದನು. ಆಳುವವರ ಕಡೆಯಿಂದ ಬಂದ ಈ ಮೆಚ್ಚುಗೆ ಸಾಮಾನ್ಯವಾದುದಲ್ಲ. ಸೂಳೆಕೆರೆಯಂಥ ಕೆರೆಗಳನ್ನು ಕಟ್ಟಿದ ಹೆಸರಿಲ್ಲದ ಒಡ್ಡರಿಗೂ ರೈತರಿಗೂ ಸಲ್ಲಬೇಕಾದ ಮಾತು ಅದು. ವಿಚಿತ್ರವೆಂದರೆ, 1882ರಲ್ಲಿ ಬೆಂಗಳೂರಿನಲ್ಲಿ ಕಟ್ಟಲಾದ ಒಂದು ಕೆರೆಗೆ ಅವನದೇ ಹೆಸರಾಯಿತು. ಅದರ ಬಳಿಯ ರಸ್ತೆಯೂ ಸ್ಯಾಂಕಿ ರಸ್ತೆಯೇ.

ಈ ಮನೆತನದ ಹೆಸರಿನ ಮೂಲದಲ್ಲಿಯೂ ನೀರಿದೆ. ಇಂಗ್ಲೆಂಡಿನಲ್ಲಿ ಹಿಂದೆ ಲ್ಯಾಂಕಷೈರಿಗೆ ಸೇರಿದ್ದ ಸೀಮೆಯಲ್ಲಿ ಸ್ಯಾಂಕಿ ಎಂಬ ಹಳ್ಳವೊಂದು ಹರಿಯುತ್ತದೆ. ಅದರ ದಡದ ಊರಿಗೂ ಅದೇ ಹೆಸರು. ಆ ಊರಿನವರ ಮನೆತನಕ್ಕೂ ಅದೇ. ಆ ಹಳ್ಳದ ಕಣಿವೆಯಲ್ಲಿ 1757ರಲ್ಲಿ ದೋಣಿಗಳ ಸಂಚಾರಕ್ಕೆ ತೆರೆದ ಕಾಲುವೆಯೂ ಸ್ಯಾಂಕಿ ಕಾಲುವೆ ಎನಿಸಿಕೊಂಡಿತು.

ಅಮೆರಿಕೆಯಲ್ಲಿ ಈ ಶಬ್ದಕ್ಕೆ ಬೇರೊಂದು ದೆಸೆ ಬಂದಿತು. ಐರಾ ಸ್ಯಾಂಕಿ ಎಂಬ ಗಾಯಕನು ಕ್ರೈಸ್ತ ಭಕ್ತಿಗೀತೆಗಳನ್ನು ಹಾಡುತ್ತ, 1873ರಿಂದ ಬ್ರಿಟನ್ನಿನಲ್ಲಿಯೂ ಸಂಚರಿಸಿ, ಅವುಗಳ ಸಂಕಲನವನ್ನು ಪ್ರಕಟಿಸಿದನು. ಆ ಪುಸ್ತಕ ಎಷ್ಟು ಹರಡಿತೆಂದರೆ, ಜಮೈಕಾ ದ್ವೀಪದಲ್ಲಿ ‘ಸ್ಯಾಂಕಿ’ ಎಂದರೆ ಭಕ್ತಿಗೀತೆ ಎಂದೇ ಅರ್ಥವಾಯಿತು. ವ್ಯಕ್ತಿಯ ಹೆಸರು ಅಲ್ಲಿ ಅಂಕಿತನಾಮದ ಪಟ್ಟವನ್ನು ಕಳಚಿ ರೂಢನಾಮವಾಯಿತು. ಆ ಗಾಯಕನೂ ಬೆಂಗಳೂರಿನ ಕೆರೆಗೆ ಹೆಸರಾದ ಇಂಜಿನಿಯರನೂ ತೀರಿಕೊಂಡದ್ದು ಒಂದೇ ವರ್ಷ, 1908ರಲ್ಲಿ.

ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ಕೇಳಿದರೆ ಉತ್ತರ ಮತ್ತೊಂದು. ಅವನಿಗೆ ಸ್ಯಾಂಕಿ ಎಂಬುದು ಒಂದು ಬಗೆಯ ಚಿತ್ರ. ಐರ್ಲೆಂಡಿನಲ್ಲಿ ಹುಟ್ಟಿದ ಮತ್ತೊಬ್ಬ ಸ್ಯಾಂಕಿ, ಕ್ಯಾಪ್ಟನ್ ಮ್ಯಾಥ್ಯೂ ಹೆನ್ರಿ ಸ್ಯಾಂಕಿ, 1898ರಲ್ಲಿ ಉಗಿಯಂತ್ರದ ಶಾಖ ಎಲ್ಲೆಲ್ಲಿ ವ್ಯಯವಾಗುತ್ತದೆಂಬುದನ್ನು ಬಾಣಗಳಿಂದ ತೋರಿಸಿದನು. ಶಾಖ ಹೆಚ್ಚಾಗಿ ಹರಿದೆಡೆ ಬಾಣ ದಪ್ಪ, ಕಡಿಮೆಯಾದೆಡೆ ತೆಳು. ಅಂಕಿಗಳ ಪಟ್ಟಿಯಲ್ಲಿ ಅಡಗಿಕೊಳ್ಳುವ ನಷ್ಟ ಇಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ.

ಶಾಖಕ್ಕೆ ಬದಲು ನೀರಿನ ಲೆಕ್ಕವನ್ನೂ ಹೀಗೆ ಬರೆಯಬಹುದು. ಸೂಳೆಕೆರೆಯ ಚಿತ್ರವಾದರೆ ಹರಿದ್ರಾ ಹೊಳೆಯದು ಒಳಬರುವ ಬಾಣ. ಹೊರಹೋಗುವ ಬಾಣಗಳಲ್ಲಿ ಒಂದು ಸಿದ್ಧನಾಲೆಗೆ, ಒಂದು ಬಸವನಾಲೆಗೆ. ಇನ್ನೊಂದು ಚಿತ್ರದುರ್ಗದವರ ಕುಡಿಯುವ ನೀರಿಗೆ. ಬೇಸಗೆಯ ಬಿಸಿಲು ಹೀರಿಕೊಳ್ಳುವ ನೀರಿಗೂ ಮೇಲ್ಮುಖವಾದ ಒಂದು ಬಾಣವನ್ನು ಎಳೆಯಲೇಬೇಕು.