ಆರ್ವೆಲ್ಲರ ದನಿಯನ್ನರಸಿ

ಗ್ರಂಥವೊಂದನ್ನು ಮೆಚ್ಚಿ ಓದಿದವರಿಗೆ ಅದರ ಕರ್ತೃವಿನ ಮಾತನ್ನೂ ಕೇಳುವ ಆಸೆ ಹುಟ್ಟುವುದು ಸಹಜ. ತರಗತಿಯಲ್ಲಿ ನಾವು 'ಅನಿಮಲ್ ಫಾರ್ಮ್' ಕಥೆಯನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ವಿದ್ಯಾರ್ಥಿಯೊಬ್ಬನು, "ಸರ್, ಇದನ್ನು ಬರೆದವರ ದನಿ ಎಲ್ಲಿಯಾದರೂ ಕೇಳಸಿಗುವುದೇ?" ಎಂದನು. ಇಲ್ಲವೆಂದೆವು. ಆ ಉತ್ತರದ ವಿವರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಜಾರ್ಜ್ ಆರ್ವೆಲ್ಲರು 1903ರಲ್ಲಿ ಹುಟ್ಟಿದುದು ಬಿಹಾರದ ಮೋತಿಹಾರಿಯಲ್ಲಿ. 1941ರಿಂದ 1943ರವರೆಗೆ, ಮಹಾಯುದ್ಧದ ನಡುವೆ, ಅವರು ಲಂಡನ್ನಿನ ಬಿ.ಬಿ.ಸಿ.ಯಲ್ಲಿದ್ದುಕೊಂಡು ಭಾರತದ ಶ್ರೋತೃಗಳಿಗಾಗಿ ಭಾಷಣಗಳನ್ನು ಏರ್ಪಡಿಸಿದರು, ತಾವೂ ಮಾತನಾಡಿದರು. 1942ರ ಒಂದು ಛಾಯಾಚಿತ್ರದಲ್ಲಿ ಕವಿ ಎಲಿಯಟ್, ನಮ್ಮ ದೇಶದ ಮುಲ್ಕ್ ರಾಜ್ ಆನಂದ್, ವೇಣು ಚಿತಳೆ ಮೊದಲಾದವರ ಗುಂಪಿನಲ್ಲಿ ಆರ್ವೆಲ್ಲರನ್ನು ಕಾಣಬಹುದು. ಚಿತ್ರವುಂಟು, ದನಿಯಿಲ್ಲ. ಎರಡು ವರ್ಷಕ್ಕೂ ಮಿಕ್ಕಿ ಬಾನುಲಿಯಲ್ಲಿ ದುಡಿದವರ ಒಂದೇ ಒಂದು ವಾಕ್ಯದ ಧ್ವನಿಮುದ್ರಣವೂ ಈವರೆಗೆ ದೊರೆತಿಲ್ಲವೆಂದರೆ ಆಶ್ಚರ್ಯವಲ್ಲವೇ!

ಅಂದು ಅನೇಕ ಭಾಷಣಗಳು ಮೈಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ಮುದ್ರಿಸಬೇಕಾದರೆ ಲೇಪವುಳ್ಳ ತಟ್ಟೆಯ ಮೇಲೆ ಸೂಜಿಯಿಂದ ಗೆರೆ ಕೊರೆಯಬೇಕು. ಮುದ್ರಿಸಿದುದೆಲ್ಲವನ್ನೂ ಕಾಯ್ದಿಡುತ್ತಿರಲಿಲ್ಲ. ಆಗ ಅವರು ಅಷ್ಟೇನೂ ಪ್ರಖ್ಯಾತರಲ್ಲ. 'ಅನಿಮಲ್ ಫಾರ್ಮ್' ಪ್ರಕಟವಾದುದು 1945ರಲ್ಲಿ.

ಅವರ ಕಂಠಕ್ಕೆ ಬೇರೊಂದು ಕಥೆಯೂ ಉಂಟು. 1937ರ ಮೇ ತಿಂಗಳಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಶತ್ರುವಿನ ಗುಂಡು ಅವರ ಕೊರಳನ್ನು ತೂರಿಹೋಯಿತು. ಸುಮಾರು ಎರಡು ತಿಂಗಳು ಪಿಸುಮಾತಿಗಿಂತ ಮೇಲಿನ ಸ್ವರ ಹೊರಡಲಿಲ್ಲ. ದನಿ ಮರಳಲಾರದೆಂದು ವೈದ್ಯರು ಹೇಳಿದ್ದರೂ ಅದು ಮರಳಿತು. ಹಾಗೆ ಮರಳಿ ಬಂದ ದನಿಯನ್ನೇ ಲೋಕವು ಕಳೆದುಕೊಂಡಿತು.

ಶೋಧಕರಿಗೆ ಇನ್ನೊಂದು ತೊಡಕು ಹೆಸರಿನದು. ಆರ್ವೆಲ್ ಎಂಬುದು ಕಾವ್ಯನಾಮ. ನಿಜನಾಮ ಎರಿಕ್ ಬ್ಲೇರ್. ಕಚೇರಿಯ ಕಾಗದಗಳಲ್ಲಿ ಅವರು ಬ್ಲೇರ್. ಆದುದರಿಂದ ಎರಡು ಹೆಸರುಗಳಲ್ಲಿಯೂ ಹುಡುಕಬೇಕು. ಹಾಗೆ ಹುಡುಕಿದುದರ ಫಲವಾಗಿ ದನಿ ದೊರೆಯದಿದ್ದರೂ ಬರೆಹ ದೊರೆಯಿತು. ಯುದ್ಧಕಾಲದ ಕಟ್ಟುಪಾಡಿನಂತೆ ಭಾಷಣವನ್ನು ಮುಂಚಿತವಾಗಿ ಬರೆದು ಒಪ್ಪಿಗೆ ಪಡೆಯಬೇಕಾಗಿತ್ತು. ಬೆರಳಚ್ಚು ಮಾಡಿದ ಆ ಹಾಳೆಗಳು ಬಿ.ಬಿ.ಸಿ.ಯ ಪತ್ರಾಗಾರದಲ್ಲಿ ಉಳಿದಿದ್ದವು. ಡಬ್ಲ್ಯು. ಜೆ. ವೆಸ್ಟ್ ಎಂಬವರು ಅವನ್ನು ಕಂಡು 1985ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಕತ್ತರಿ ಹಿಡಿದು ಕುಳಿತ ಅಧಿಕಾರಿಗಳಿಂದ ಸಾಹಿತ್ಯಕ್ಕೆ ಇಂಥ ಉಪಕಾರ ಆಗುವುದು ಅಪರೂಪವೇ ಸರಿ.

ಇಷ್ಟನ್ನು ಕೇಳಿದ ಮೇಲೆ ಅದೇ ವಿದ್ಯಾರ್ಥಿಯು ಜಾಣತನದ ಪ್ರಶ್ನೆಯೊಂದನ್ನು ಹಾಕಿದನು: "ಮಾದರಿ ದನಿಯೇ ಇಲ್ಲದಿರುವಾಗ, ನಾಳೆ ಹಳೆಯ ತಟ್ಟೆಯೊಂದು ಸಿಕ್ಕರೆ ಅದು ಅವರದೆಂದು ಗುರುತಿಸುವುದೆಂತು?" ಕೆಲಸಕ್ಕೆ ಬರುವುದು ಆ ಹಾಳೆಗಳೇ. ತಟ್ಟೆಯ ಮಾತನ್ನು ಹಾಳೆಯ ಸಾಲುಗಳೊಡನೆ ಹೋಲಿಸಬೇಕು. ಆ ಭಾಷಣವನ್ನು ಅಂದು ಓದಿದವರು ಆರ್ವೆಲ್ಲರೇ ಹೊರತು ಬೇರೆ ಉದ್ಘೋಷಕರಲ್ಲವೆಂಬುದನ್ನು ಕಾಗದಪತ್ರಗಳಿಂದ ಖಚಿತಪಡಿಸಿಕೊಳ್ಳಬೇಕು. ಹೆಸರು ಅಳಿಸಿಹೋದ ತಟ್ಟೆಯಾದರೂ ಪರೀಕ್ಷಿಸಲು ಅಡ್ಡಿಯಿಲ್ಲ.