ಐಸಿಯುನಲ್ಲಿ ನಿಮ್ಮ ಪರವಾಗಿ ಮಾತಾಡುವ ಕಾಗದ

ಐಸಿಯು ಬಾಗಿಲಲ್ಲಿ ವೈದ್ಯರು ಒಪ್ಪಿಗೆ ಪತ್ರ ಮುಂದಿಟ್ಟು, “ವೆಂಟಿಲೇಟರ್ ಹಾಕೋಣವೇ?” ಎಂದು ಕೇಳುತ್ತಾರೆ. ಹಾಕಿಸಿದರೆ ಅಪ್ಪನ ನರಳಾಟ ಮುಂದುವರಿಸಿದ ಹಾಗೆ, ಬೇಡವೆಂದರೆ ಕೈಯಾರೆ ಕಳಿಸಿಕೊಟ್ಟ ಹಾಗೆ. ಮಕ್ಕಳು ಈ ಇಕ್ಕಟ್ಟಿನಲ್ಲಿ ಒದ್ದಾಡುವುದು ಅಪ್ಪನ ಮನಸ್ಸಿನಲ್ಲೇನಿತ್ತು ಎಂಬುದು ಗೊತ್ತಿಲ್ಲದೆ. ಅದನ್ನು ಮೊದಲೇ ಬರೆದಿಡಲು ಕಾನೂನಿನಲ್ಲಿ ದಾರಿಯಿದೆ: ಮುಂಗಡ ವೈದ್ಯಕೀಯ ನಿರ್ದೇಶನ, ಅಂದರೆ ಲಿವಿಂಗ್ ವಿಲ್.

ಹಕ್ಕು ಬಂದ ಬಗೆ

ಹೊನ್ನಾವರದ ಹಳದೀಪುರ ಮೂಲದ ನರ್ಸ್ ಅರುಣಾ ಶಾನಭಾಗ್ 1973ರಲ್ಲಿ ತಾವು ಕೆಲಸ ಮಾಡುತ್ತಿದ್ದ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದಾಳಿಗೊಳಗಾಗಿ, 2015ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಇಚ್ಛೆ ಹೇಳಲಾಗದ ಸ್ಥಿತಿಯಲ್ಲಿ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರ ಪರವಾಗಿ ಮಾತಾಡಬೇಕಾದವರು ಯಾರು? ಅವರಿಗೆ ದಯಾಮರಣ ಕೋರಿ ಕೋರ್ಟಿಗೆ ಹೋದ ಲೇಖಕಿಯೋ, ಆರೈಕೆ ಮಾಡುತ್ತಿದ್ದ ಆಸ್ಪತ್ರೆಯೋ? 2011ರಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಯ ಮಾತನ್ನು ಮನ್ನಿಸಿತು. ಅರುಣಾ ಅವರ ಸ್ವಂತ ಇಚ್ಛೆ ಮಾತ್ರ ಯಾರಿಗೂ ತಿಳಿಯಲಿಲ್ಲ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಘನತೆಯಿಂದ ಸಾಯುವ ಹಕ್ಕೂ ಸೇರಿದೆ ಎಂದು ಹೇಳಿ, ಲಿವಿಂಗ್ ವಿಲ್‌ಗೆ ಮಾನ್ಯತೆ ನೀಡಿತು. 2023ರಲ್ಲಿ ಕೋರ್ಟ್ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಈ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಗಟ್ಟಲೆ ಹೋರಾಡಿದ್ದಾರೆ.

ಬರೆಯುವುದು ಹೇಗೆ?

* ವಯಸ್ಕರಾಗಿರಬೇಕು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಬರೆಯಬೇಕು.
* ಯಾವ ಸ್ಥಿತಿಯಲ್ಲಿ ಏನು ಬೇಡ ಎಂಬುದು ಸ್ಪಷ್ಟವಾಗಿರಲಿ. ಉದಾಹರಣೆಗೆ: “ಗುಣವಾಗುವ ಭರವಸೆಯಿಲ್ಲದ ಕೊನೆಯ ಹಂತದಲ್ಲಿ ವೆಂಟಿಲೇಟರ್ ಬೇಡ, ನೋವು ಶಮನದ ಔಷಧಿ ಮುಂದುವರಿಯಲಿ.”
* ನಿಮ್ಮ ಪರವಾಗಿ ತೀರ್ಮಾನಿಸಲು ಇಬ್ಬರ ಹೆಸರು ಸೂಚಿಸಿ.
* ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ.
* ಪ್ರತಿಯನ್ನು ಹೆಸರಿಸಿದವರಿಗೆ, ಕುಟುಂಬ ವೈದ್ಯರಿಗೆ ಮತ್ತು ಪಂಚಾಯಿತಿ ಅಥವಾ ನಗರಸಭೆಯ ನಿಯೋಜಿತ ಅಧಿಕಾರಿಗೆ ಕೊಡಿ.

ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು. ಒಂದಕ್ಕಿಂತ ಹೆಚ್ಚು ಬರೆದಿದ್ದರೆ ಕೊನೆಯದೇ ಊರ್ಜಿತ.

ಆಸ್ಪತ್ರೆಯಲ್ಲಿ ಏನಾಗುತ್ತದೆ?

ರೋಗಿ ಸ್ವತಃ ತೀರ್ಮಾನಿಸುವ ಸ್ಥಿತಿಯಲ್ಲಿ ಇರುವವರೆಗೂ ಈ ಕಾಗದಕ್ಕೆ ಕೆಲಸವಿಲ್ಲ. ಆ ಶಕ್ತಿ ಹೋದಾಗ, ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿ ಪರಿಶೀಲಿಸುತ್ತದೆ. ಬಳಿಕ ಬೇರೆ ತಜ್ಞರ ಎರಡನೇ ಮಂಡಳಿ ನೋಡುತ್ತದೆ. ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ನಾಮನಿರ್ದೇಶನ ಮಾಡಿದ ವೈದ್ಯರೊಬ್ಬರು ಇರುತ್ತಾರೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಹೆಸರಿಸಿದವರ ಒಪ್ಪಿಗೆ ಬೇಕು. ನಿರ್ಧಾರ ಜಾರಿಗೂ ಮುನ್ನ ಆಸ್ಪತ್ರೆಯು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟ್ ಬಾಗಿಲು ತಟ್ಟಬಹುದು. ಕಾಗದ ಬರೆದಿಡದವರ ವಿಷಯದಲ್ಲೂ ಹತ್ತಿರದ ಬಂಧುಗಳ ಒಪ್ಪಿಗೆಯೊಂದಿಗೆ ಇದೇ ಕ್ರಮ ನಡೆಯುತ್ತದೆ.

ಚುಚ್ಚುಮದ್ದು ಕೊಟ್ಟು ಜೀವ ತೆಗೆಯುವುದು ಇಂದಿಗೂ ಅಪರಾಧ. ಇಲ್ಲಿ ನಿಲ್ಲುವುದು ಫಲವಿಲ್ಲದ ಚಿಕಿತ್ಸೆ ಮಾತ್ರ, ಆರೈಕೆಯಲ್ಲ. ಆಸ್ತಿಯ ಆಸೆಗೋ ಬಿಲ್ಲಿನ ಭಯಕ್ಕೋ ಯಾರೂ ಇದನ್ನು ದುರುಪಯೋಗ ಮಾಡಬಾರದೆಂದೇ ಇಷ್ಟು ಹಂತಗಳನ್ನು ಇಡಲಾಗಿದೆ.

ಕೊನೆಯವರೆಗೂ ಎಲ್ಲ ಚಿಕಿತ್ಸೆ ಬೇಕೆನ್ನುವವರು ಮನೆಯವರಿಗೆ ಹಾಗೆಂದೇ ಹೇಳಿಡಲಿ. ಬೇಡವೆನ್ನುವವರು ಆರೋಗ್ಯವಾಗಿರುವಾಗಲೇ ಮನೆಯವರನ್ನು ಕೂರಿಸಿಕೊಂಡು ಮಾತಾಡಿ, ಬರೆದು, ಸಹಿ ಮಾಡಲಿ. ಈ ತೀರ್ಮಾನದ ಭಾರವನ್ನು ಮಕ್ಕಳ ತಲೆಗೆ ಕಟ್ಟಬಾರದು.