ಸೈಂಟಾಲಜಿ: ಉಗಮ ಮತ್ತು ತತ್ತ್ವಗಳು

ಉಗಮ: ವೈಜ್ಞಾನಿಕ ಕಾದಂಬರಿ-ಕಥೆಗಳ ಲೇಖಕನೆಂದು ಮೊದಲು ಪ್ರಸಿದ್ಧನಾಗಿದ್ದ ಅಮೆರಿಕದ ಎಲ್. ರಾನ್ ಹಬ್ಬಾರ್ಡ್ (1911–1986), 1950ರಲ್ಲಿ ‘ಡಯನೆಟಿಕ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿ, ಅದರಲ್ಲಿ ಪ್ರತಿಪಾದಿಸಿದ ಮನಶ್ಚಿಕಿತ್ಸಾಕ್ರಮಕ್ಕೆ ಆತ್ಮತತ್ತ್ವವನ್ನು ಬೆಸೆದು, 1953ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ಅದಕ್ಕೆ ಚರ್ಚಿನ ಸ್ವರೂಪವನ್ನಿತ್ತನು.

ತತ್ತ್ವ: ಮನುಷ್ಯನು ಕೇವಲ ದೇಹವೂ ಅಲ್ಲ, ಮನಸ್ಸೂ ಅಲ್ಲ, ಜನ್ಮಜನ್ಮಾಂತರಗಳಲ್ಲಿ ಸಂಚರಿಸುವ ‘ಥೀಟನ್’ ಎಂಬ ಅಮರ ಚೇತನವೆಂಬುದು ಈ ಪಂಥದ ಮೂಲ ನಂಬಿಕೆ. ಗತಕಾಲದ ಆಘಾತಗಳು ‘ಎನ್‌ಗ್ರಾಮ್’ಗಳೆಂಬ ಅಚ್ಚುಗಳಾಗಿ ಚಿತ್ತದಲ್ಲಿ ಉಳಿದು ಬಾಧಿಸುವುವೆಂದೂ, ‘ಇ-ಮೀಟರ್’ ಉಪಕರಣದ ನೆರವಿನಿಂದ ನಡೆಯುವ ‘ಆಡಿಟಿಂಗ್’ ಎಂಬ ಪ್ರಶ್ನೋತ್ತರ ವಿಧಾನದಿಂದ ಅವುಗಳನ್ನು ನೀಗಿದವನು ‘ಕ್ಲಿಯರ್’ ಸ್ಥಿತಿಯನ್ನೈದಿ, ಅನಂತರ ‘ಆಪರೇಟಿಂಗ್ ಥೀಟನ್’ ಪದವಿಗೇರುವನೆಂದೂ ಅನುಯಾಯಿಗಳು ಭಾವಿಸುತ್ತಾರೆ. ಈ ಪ್ರತಿಪಾದನೆಗಳಿಗೆ ವೈದ್ಯಶಾಸ್ತ್ರದ ಸಮ್ಮತಿಯಿಲ್ಲ.

ಮಾನ್ಯತೆ: ದೀರ್ಘ ವ್ಯಾಜ್ಯದ ತರುವಾಯ 1993ರಲ್ಲಿ ಅಮೆರಿಕದ ಆಂತರಿಕ ಕಂದಾಯ ಇಲಾಖೆಯು ಇದಕ್ಕೆ ತೆರಿಗೆ ವಿನಾಯಿತಿಯನ್ನು ದಯಪಾಲಿಸಿತಾದರೂ, ಜರ್ಮನಿಯು ಇದನ್ನು ಧರ್ಮವೆಂದು ಅಂಗೀಕರಿಸದೆ 1997ರಿಂದ ನಿಗಾದಲ್ಲಿರಿಸಿತು, ಫ್ರಾನ್ಸಿನ ನ್ಯಾಯಾಲಯವೊಂದು 2009ರಲ್ಲಿ ಪಂಥದ ಸಂಸ್ಥೆಯನ್ನು ವಂಚನೆಯ ಅಪರಾಧಕ್ಕಾಗಿ ದಂಡಿಸಿತು.

ಸ್ಮರಣೀಯ ಅಂಶಗಳು:
• ಸ್ಥಾಪಕ – ಎಲ್. ರಾನ್ ಹಬ್ಬಾರ್ಡ್
• ಮೂಲಗ್ರಂಥ – ಡಯನೆಟಿಕ್ಸ್ (1950)
• ಆತ್ಮದ ಹೆಸರು – ಥೀಟನ್
• ಲಾಂಛನ – ಎಂಟು ತುದಿಗಳ ಶಿಲುಬೆ
• ಹಬ್ಬಾರ್ಡನ ನಂತರದ ನಾಯಕ – ಡೇವಿಡ್ ಮಿಸ್ಕಾವಿಜ್